ಆಬಿದಾ ಹೆಸರಿನ ಟಿಕ್

ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹಳೆಯ ವರ್ಕ್ ಆರ್ಡರುಗಳನ್ನು ನೋಡುತ್ತಿದ್ದ ಆಬಿದಾ ಒಂದನ್ನು ಕಂಡು ತಡೆದಳು. ಮೂವತ್ತು ಗಾಲಿಕುರ್ಚಿಗಳ ಆರ್ಡರು. ವೆಲ್ಡಿಂಗ್ ತಪಾಸಣೆಯ ಎದುರು ಹಸಿರು ಟಿಕ್, ಪಕ್ಕದಲ್ಲಿ ಅವಳದೇ ಹೆಸರು. ಕಳೆದ ಬುಧವಾರ, ಮಧ್ಯಾಹ್ನ ಮೂರೂವರೆ.

ಆ ಹೊತ್ತಿಗೆ ಅವಳು ಅರ್ಧ ದಿನ ರಜೆ ಹಾಕಿ, ಅತ್ತೆಯ ಕಣ್ಣು ತೋರಿಸಲು ಶಿವಾಜಿನಗರಕ್ಕೆ ಹೋಗಿದ್ದಳು.

ಕೆ.ಆರ್. ಪುರದ, ಗಾಲಿಕುರ್ಚಿ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಅವಳು ಹದಿನಾಲ್ಕು ವರ್ಷದಿಂದ ವೆಲ್ಡಿಂಗ್ ಪರೀಕ್ಷಿಸುವವಳು. ಅವಳು ಟಿಕ್ ಹಾಕದೆ ಯಾವ ಫ್ರೇಮೂ ಬಣ್ಣಕ್ಕೆ ಹೋಗುವಂತಿರಲಿಲ್ಲ. ಬಣ್ಣ ಹಚ್ಚಿದ ಮೇಲೆ ಬಿರುಕಿದ್ದರೂ ಕಾಣುವುದಿಲ್ಲ. ಆ ಮೂವತ್ತೂ ಶನಿವಾರವೇ ಆಸ್ಪತ್ರೆಯೊಂದಕ್ಕೆ ಹೋಗಿಯಾಗಿತ್ತು.

ಅವಳ ಪಾಸ್‌ವರ್ಡ್ ಗೊತ್ತಿದ್ದವನು ಒಬ್ಬನೇ, ವರ್ಕ್ ಆರ್ಡರುಗಳನ್ನು ತಯಾರಿಸುವ ಮುನಿರಾಜು. ಸಾಫ್ಟ್‌ವೇರ್ ಬಂದಾಗ ಪಕ್ಕದಲ್ಲಿ ಕೂತು ಕಲಿಸಿದವನೂ ಅವನೇ. ಈ ಸೋಮವಾರ ಅವಳು ಹತ್ತಿರ ಹೋದಾಗ ಅವನು ಫೋನನ್ನು ಬೋರಲು ಹಾಕಿದ. ನಕ್ಕದ್ದೂ ಬಲವಂತದ ನಗುವಂತೆ ಕಂಡಿತು. ಅವಳು ಯಾರಿಗೂ ಹೇಳದೆ ಪಾಸ್‌ವರ್ಡ್ ಬದಲಾಯಿಸಿದಳು. ಹೇಳಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ ಅಂದುಕೊಂಡು ಆಸ್ಪತ್ರೆಗೆ ಹೋದ ಕುರ್ಚಿಗಳ ಬಗ್ಗೆಯೂ ಬಾಯಿ ಬಿಡಲಿಲ್ಲ.

ಮಂಗಳವಾರ, ಇನ್ನೂ ಯಾರಾದರೂ ಟಿಕ್ ಹಾಕುತ್ತಾರೋ ನೋಡಲು, ಇಪ್ಪತ್ತು ಫ್ರೇಮುಗಳ ಆರ್ಡರೊಂದನ್ನು ಬೇಕೆಂದೇ ಪರೀಕ್ಷಿಸದೆ ಬಿಟ್ಟು ಊಟಕ್ಕೆ ಹೋದಳು. ಮುನಿರಾಜು ದಿನದಂತೆ ಎದುರಿಗೆ ಕೂತು ಡಬ್ಬಿ ಬಿಚ್ಚಿದ. ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ನನ್ ಹೆಸರಲ್ಲಿ ಟಿಕ್ ಹಾಕ್ತಿರೋದು ನೀನೇ ಅಲ್ವಾ?”

“ಏನ್ ಟಿಕ್ಕು?”

“ನಾಟಕ ಬೇಡ. ಬುಧವಾರ ನಾನಿರ್ಲಿಲ್ಲ. ನನ್ ಪಾಸ್‌ವರ್ಡ್ ಇನ್ಯಾರಿಗ್ ಗೊತ್ತು?”

ಅವನ ಕೈಯಲ್ಲಿದ್ದ ತುತ್ತು ಡಬ್ಬಿಗೆ ಮರಳಿತು. “ನನ್ನೇ ಕಳ್ಳ ಅಂತೀರಾ ಅಕ್ಕಾ?” ಎಂದು ಡಬ್ಬಿ ಮುಚ್ಚಿ ಎದ್ದುಹೋದ.

ಅವಳು ಕೈ ತೊಳೆದು ಬಂದು ಕಂಪ್ಯೂಟರ್ ನೋಡಿದಳು. ಇಪ್ಪತ್ತು ಫ್ರೇಮುಗಳ ಎದುರು ಹಸಿರು ಟಿಕ್. ಅವಳದೇ ಹೆಸರು. ಒಂದು ಇಪ್ಪತ್ತು. ಆಗ ಮುನಿರಾಜು ಅವಳ ಕಣ್ಣೆದುರೇ ಕೂತು ಅನ್ನ ಕಲೆಸುತ್ತಿದ್ದ.

ಅವಳು ಅವನ ಮೇಜಿನ ಬಳಿ ಹೋಗಿ ಹೊಸ ಟಿಕ್ಕಿನ ವಿಷಯ ಹೇಳಿದಳು. ಅವನು ಆ ಆರ್ಡರಿನಲ್ಲಿ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ ತೆರೆದು ತೋರಿಸಿದ. ಟಿಕ್ ಆಬಿದಾಳ ಹೆಸರಿನಲ್ಲಿತ್ತು, ಹಾಕಿದ್ದು ಮಾತ್ರ ಮ್ಯಾನೇಜರ್ ಸೂರ್ಯನ ಲಾಗಿನ್‌ನಿಂದ. ಬುಧವಾರದ್ದೂ ಹಾಗೆಯೇ.

“ಯಾರ ಹೆಸರಲ್ಲಿ ಬೇಕಾದ್ರೂ ಹಾಕೋ ಪರ್ಮಿಷನ್ ಅವ್ರಿಗಿದೆ,” ಎಂದ. “ನಿನ್ನೆನೇ ಕೇಳಿದ್ರೆ ತೋರಿಸ್ತಿದ್ನಲ್ಲಕ್ಕಾ.”

ಅವಳು ಬಣ್ಣದ ವಿಭಾಗಕ್ಕೆ ಓಡಿ ಕೆಲಸ ನಿಲ್ಲಿಸಿದಳು. ಪರೀಕ್ಷಿಸಿದಾಗ ಇಪ್ಪತ್ತರಲ್ಲಿ ಮೂರು ಫ್ರೇಮುಗಳ ಬೆಸುಗೆಯಲ್ಲಿ ಸೀಳು ಕಂಡಿತು. ಒಂದನ್ನು ಹೊತ್ತುಕೊಂಡೇ ಮಾಲೀಕ ಮುತ್ತಣ್ಣನ ಕೋಣೆಗೆ ಹೋದಳು. ಸೂರ್ಯ ಅಲ್ಲೇ ಇದ್ದ. ಅವಳು ಟಿಕ್ಕುಗಳ ವಿಷಯ ಹೇಳಿದಳು.

“ಡಿಸ್ಪ್ಯಾಚ್ ಲೇಟಾಗ್ತಿತ್ತು ಸರ್. ಇವ್ರು ಹೇಗೂ ಓಕೆ ಅಂತಾನೇ ಹಾಕ್ತಿದ್ರು,” ಎಂದ ಸೂರ್ಯ.

“ಇದಕ್ಕೆ ಓಕೆ ಹಾಕ್ತಿದ್ನಾ?” ಆಬಿದಾ ಫ್ರೇಮನ್ನು ಮೇಜಿನ ಮೇಲಿಟ್ಟಳು. “ಯಾರಾದ್ರೂ ಬಿದ್ದಿದ್ರೆ ನನ್ ಹೆಸರು ಬರ್ತಿತ್ತು ಸಾರ್.”

ಮುತ್ತಣ್ಣ ಸೀಳಿನ ಮೇಲೆ ಉಗುರಾಡಿಸಿ ನೋಡಿದ. ಬೇರೆಯವರ ಹೆಸರಲ್ಲಿ ಟಿಕ್ ಹಾಕುವ ಸೂರ್ಯನ ಅಧಿಕಾರ ಅಂದೇ ಹೋಯಿತು. ಅವನ ಕೆಲಸ ಮಾತ್ರ ಉಳಿಯಿತು. ಆಸ್ಪತ್ರೆಗೆ ಫೋನು ಮಾಡಿ ಮೂವತ್ತೂ ಕುರ್ಚಿಗಳನ್ನು ವಾಪಸ್ ತರಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ಬಣ್ಣ ಕೆರೆಸಿ ನೋಡಿದಾಗ ಎರಡರಲ್ಲಿ ಬಿರುಕು ಸಿಕ್ಕಿತು.

ಮರುದಿನ ಊಟದ ಹೊತ್ತಿಗೆ ಮುನಿರಾಜು ಬೇರೆ ಮೇಜಿನಲ್ಲಿ ಕೂತಿದ್ದ. ಆಬಿದಾ ತನ್ನ ಡಬ್ಬಿ ಹಿಡಿದು ಅಲ್ಲಿಗೆ ಹೋದಳು.

“ತಪ್ಪಾಯ್ತು ಕಣೋ.”

“ಹ್ಞೂಂ,” ಎಂದ ತಲೆ ಎತ್ತದೆ. “ಬೇಜಾರು ಇನ್ನೂ ಹೋಗಿಲ್ಲ ಅಕ್ಕಾ. ಕೂತ್ಕೊಳ್ಳಿ, ಊಟ ಮಾಡಿ.”

ಅವಳು ಕೂತಳು. ತನ್ನ ಡಬ್ಬಿ ಬಿಚ್ಚಿ ಅವನ ಕಡೆಗೂ ಸರಿಸಿದಳು.