ವಾರಕ್ಕೊಂದು ಮಾತ್ರೆ

ಅಕ್ಕನ ದನಿ ತೆಗೆಯಲು ನನಗೆ ಬೇಕಾಗುತ್ತಿದ್ದುದು ಎರಡು ಬೆಂಕಿಕಡ್ಡಿ. ಅವನ್ನು ತುಟಿಗಳ ನಡುವೆ ಕಚ್ಚಿಕೊಂಡು, "ಹೇಳಹ್ಹಾ, ಕಿವಿ ಖಾಲಿ ಇದೆ, ಹಾಯಿ ಹಾತ್ರ ಹರ್ತಿ" ಅಂದರೆ ಸಾಕು, ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಹೇಳಮ್ಮಾ, ಕಿವಿ ಖಾಲಿ ಇದೆ, ಬಾಯಿ ಮಾತ್ರ ಭರ್ತಿ ಅಂತ ಅದರ ಅರ್ಥ. ಅಕ್ಕ ಬಟ್ಟೆ ಹೊಲಿಯುವವಳು. ಗುಂಡುಸೂಜಿಗಳನ್ನು ತುಟಿಯಲ್ಲಿಟ್ಟುಕೊಂಡೇ ಮೂವತ್ತು ವರ್ಷ ಗಿರಾಕಿಗಳ ಜೊತೆ ಮಾತಾಡಿದವಳು. ಹಳಗನ್ನಡದ ಪಾಲು ಹಾಲಾಗಲು ಕನ್ನಡಕ್ಕೆ ನೂರಾರು ವರ್ಷ ಬೇಕಾಯಿತಂತೆ. ನಮ್ಮಕ್ಕನಿಗೆ ನಾಲ್ಕು ಗುಂಡುಸೂಜಿ ಸಾಕಿತ್ತು.

ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಔಷಧದ ಪೊಟ್ಟಣ ಕೈಗಿಡುವಾಗ ರೋಗಿಗೆ ಹೇಗೆ ತಿಳಿಸಿ ಹೇಳಬೇಕು ಅನ್ನುವುದಕ್ಕೆ ನಮ್ಮಲ್ಲಿ ಪ್ರಾಯೋಗಿಕ ಪರೀಕ್ಷೆಯಿದೆ. ಪರೀಕ್ಷೆ ಇದೆ ಅಂತ ಯಾವ ರೋಗಿಯೂ ಬಂದು ಕೂರುವುದಿಲ್ಲವಲ್ಲ, ಹಾಗಾಗಿ ರೋಗಿ ನಾನೇ. ಕಿವುಡಜ್ಜ, ಅವಸರದ ಗುಮಾಸ್ತ, ಎಲ್ಲ ಗೊತ್ತು ಅನ್ನುವ ನಿವೃತ್ತ ಮೇಷ್ಟ್ರು, ಕೊನೆಗೆ ನಮ್ಮಕ್ಕ, ಹುಡುಗರ ಬಾಯಲ್ಲಿ ಸೂಜಿ ಅಮ್ಮ. "ಮಾತಿಗೊಂದು ಮಾತ್ರೆ, ಮಾತ್ರೆಗೊಂದು ಪಾತ್ರ" ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದುದರಿಂದ ವಿದ್ಯಾರ್ಥಿಗಳು ನನಗೆ ಮಾತ್ರೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ನನ್ನ ಸಂಶೋಧನೆಯೂ ಅದೇ. ಪೊಟ್ಟಣದ ಮೇಲೆ ಇಂಗ್ಲಿಷ್ ಚೀಟಿಯ ಬದಲು ಕನ್ನಡದ ಚೀಟಿ ಅಂಟಿಸಿದರೆ ರೋಗಿಗಳಿಗೆ ಎಷ್ಟು ಅರ್ಥವಾಗುತ್ತದೆ? ಚೀಟಿಗಳನ್ನೆಲ್ಲ ಬರೆದವನು ನಾನೇ. ಚಿಕ್ಕ ಮಾತು, ದಪ್ಪ ಅಕ್ಷರ. ಪಕ್ಕದ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ನೂರಿಪ್ಪತ್ತು ಜನರಿಗೆ ಅಂಟಿಸಿ ಕೊಟ್ಟೆವು. ಕೊಟ್ಟ ಮೇಲೆ ಒಂದೇ ಪ್ರಶ್ನೆ: "ಅರ್ಥ ಆಯ್ತಾ?" ನೂರಹದಿನೆಂಟು ಜನ "ಆಯ್ತು" ಅಂದರು. ಉಳಿದಿಬ್ಬರಿಗೆ ಪ್ರಶ್ನೆಯೇ ಕೇಳಿಸಿರಲಿಲ್ಲ. ನಾನು ಕುಣಿದುಬಿಟ್ಟೆ.

ಆ ನೂರಹದಿನೆಂಟರಲ್ಲಿ ಅಕ್ಕ ನಲವತ್ತೊಂದನೆಯವಳು. ಕೀಲುವಾತದಿಂದ ಅವಳ ಬೆರಳಿನ ಗೆಣ್ಣುಗಳು ಊದಿ ಕತ್ತರಿಯ ಕಿವಿಯೊಳಗೆ ಹೆಬ್ಬೆರಳು ತೂರುತ್ತಿರಲಿಲ್ಲ. ಡಾಕ್ಟರಮ್ಮ ಮೆಥೊಟ್ರೆಕ್ಸೇಟ್ ಬರೆದರು. ಪುಟ್ಟ ಹಳದಿ ಮಾತ್ರೆ. ವಾರದಲ್ಲಿ ಒಂದೇ ಒಂದು ದಿನ, ಒಂದೇ ಒಂದು. ದಿನಾ ನುಂಗಿದರೆ ಅದು ಬಾಯಿಂದ ಹಿಡಿದು ಮೂಳೆಯೊಳಗಿನ ಮಜ್ಜೆಯವರೆಗೂ ಸುಡುತ್ತದೆ. ಇದನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಅವತ್ತು ಕಿಟಕಿಯ ಒಳಗಿದ್ದವನೂ ನಾನೇ. ಹತ್ತು ಮಾತ್ರೆಯ ಒಂದು ಸ್ಟ್ರಿಪ್ಪಿಗೆ ಚೀಟಿ ಅಂಟಿಸಿದೆ: ವಾರಕ್ಕೊಂದು.

"ಅರ್ಥ ಆಯ್ತಾ, ತಾಯಿ?" ಎಂದೆ, ಕಿಟಕಿಯ ಗುಮಾಸ್ತನ ದನಿಯಲ್ಲಿ.

"ಆಯ್ತು ಸ್ವಾಮೀ" ಅಂದಳು ಅಕ್ಕ, ನನ್ನನ್ನೇ ಅಣಕಿಸುತ್ತ. "ನೀನು ಬರೆದಿದ್ದು ನನಗೆ ಅರ್ಥ ಆಗದೇ ಇರುತ್ತೇನೋ? ನಿನಗೆ ಅಕ್ಷರ ತಿದ್ದಿಸಿದ್ದು ಯಾರು?"

ಹಿಂದೆ ಸಾಲು ಬೆಳೆದಿತ್ತು. ನಲವತ್ತೊಂದರ ಮುಂದೆ ಗುರುತು ಹಾಕಿ ಮುಂದಿನವರನ್ನು ಕರೆದೆ.

ಆಮೇಲೆ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದೆ. "ಅಕ್ಕಾ, ಮಾತ್ರೆ ಆಯ್ತಾ?" "ಆಯ್ತು." ವಾರದ ಮಾತ್ರೆ ನುಂಗಿದ್ದಾಳೆ ಎಂದುಕೊಂಡೆ. ಅವಳು ಹೇಳಿದ್ದು ಅವತ್ತಿನದನ್ನು.

ಹತ್ತನೆಯ ದಿನ ಅವಳೇ ಫೋನು ಮಾಡಿದಳು. ದನಿ ದಪ್ಪವಾಗಿತ್ತು. "ಹಾಯಿ ಉರಿ ಕಣೋ. ಹಾತ್ರೆ ಆಯ್ತು."

ನನಗೆ ನಗು ಬಂತು. ಅಂಗಡಿಯಲ್ಲಿ ಸೂಜಿ ಕಚ್ಚಿಕೊಂಡು ನಿಂತಿದ್ದಾಳೆ, ಬೆರಳು ಮಣಿಯತೊಡಗಿದೆ, ಹೊಲಿಗೆಗೆ ಕೂತಿದ್ದಾಳೆ ಅಂತ ಖುಷಿಯೂ ಆಯಿತು. ನಾನೂ ಹಾಗೇ ಶುರುಮಾಡಿದೆ. "ಹಾಯಿ ಉರಿದ್ರೆ ಸೂಜಿ ತೆಗೀ ಅಕ್ಕಾ! ಹಾತ್ರೆ ಆಯ್ತಲ್ಲ, ಹೇಷ್!"

ಆ ಕಡೆ ನಕ್ಕಂತೆ ಒಂದು ಉಸಿರು. "ತರ್ಲೆ" ಅಂದಳು. ಇಟ್ಟಳು.

ಅವಳ ಬಾಯಲ್ಲಿ ಸೂಜಿ ಇರಲಿಲ್ಲ. ತುಟಿ, ನಾಲಿಗೆ, ಅಂಗುಳ ಎಲ್ಲ ಹುಣ್ಣಾಗಿ ತುಟಿಗೆ ತುಟಿ ತಾಗಿಸಲು ಆಗುತ್ತಿರಲಿಲ್ಲ. 'ಮಾತ್ರೆ ಆಯ್ತು' ಅಂದದ್ದು, ಹತ್ತೂ ಮುಗಿಯಿತು, ಇನ್ನೊಂದು ಸ್ಟ್ರಿಪ್ ಕೊಡು ಅಂತ. ಊರಿನವರ ದನಿಯನ್ನೆಲ್ಲ ಹಿಡಿಯುವ ನನ್ನ ಕಿವಿಗೆ ಅಕ್ಕನ ನೋವು ನನ್ನದೇ ಅಣಕದ ಹಾಗೆ ಕೇಳಿಸಿತ್ತು.

ಎರಡು ದಿನ ಬಿಟ್ಟು ಭಾವ ಫೋನು ಮಾಡಿದರು. ಭಾವ ಮಾತು ಕಮ್ಮಿ. "ಜ್ವರ. ಅಡ್ಮಿಟ್ ಮಾಡಿದೀನಿ. ಬಾ" ಅಂದರು, ಅಷ್ಟೇ.

ವಾರ್ಡಿನಲ್ಲಿ ಕಬ್ಬಿಣದ ಮಂಚ, ಹಸಿರು ಪರದೆ, ಸ್ಪಿರಿಟ್ಟಿನ ವಾಸನೆ. ಡಾಕ್ಟರಮ್ಮನ ಕೈಯಲ್ಲಿ ರಕ್ತದ ವರದಿ. "ಬಿಳಿ ಕಣ ನೆಲ ಕಚ್ಚಿದೆ. ಮೆಥೊಟ್ರೆಕ್ಸೇಟ್ ಎಷ್ಟು ತಗೊಂಡಿದ್ರು? ನೀವೇ ಕೊಟ್ಟಿದ್ದಲ್ವಾ?"

"ವಾರಕ್ಕೊಂದು" ಎಂದೆ.

ಭಾವ ಜೇಬಿನಿಂದ ಖಾಲಿ ಸ್ಟ್ರಿಪ್ಪನ್ನು ತೆಗೆದು ನನ್ನ ಕೈಗಿಟ್ಟರು. ಒಂದೊಂದು ಗುಳಿಯ ಪಕ್ಕದಲ್ಲೂ ಅಕ್ಕನ ಸಣ್ಣ ಅಕ್ಷರ, ಅಳತೆ ಬರೆದುಕೊಳ್ಳುವ ನೀಲಿ ಪೆನ್ನಿನಲ್ಲಿ. ಸೋಮ. ಮಂಗಳ. ಬುಧ. ಗುರು. ಶುಕ್ರ. ಶನಿ. ಭಾನು. ಮತ್ತೆ ಸೋಮ. ಮಂಗಳ. ಬುಧ.

ಅಕ್ಕ ಕಣ್ಣು ತೆರೆದಳು. ಮಾತು ತೊದಲುತ್ತಿತ್ತು, ಆದರೆ ನನಗೆ ಪ್ರತಿಯೊಂದು ಅಕ್ಷರವೂ ತಿಳಿಯಿತು. "ನೀನೇ ಬರೆದಿದ್ದೆಯಲ್ಲೋ, ವಾರಕ್ಕೊಂದು ಅಂತ. ಒಂದು ವಾರಾನೂ ತಪ್ಪಿಸಿಲ್ಲ."

ಇವತ್ತು ಯಾವ ವಾರ ಅಂತ ಕೇಳಿದರೆ ನಾವೆಲ್ಲ ಏನು ಹೇಳುತ್ತೇವೆ? ಸೋಮವಾರ, ಮಂಗಳವಾರ. ಏಳು ದಿನ ಸೇರಿದರೂ ವಾರ, ಅದರಲ್ಲಿ ಒಂದು ದಿನವೂ ವಾರ. ಶ್ಲೇಷೆಯನ್ನು ಎಲ್ಲೆಲ್ಲಿಂದಲೋ ಹೆಕ್ಕಿ ತಂದು ಜನರನ್ನು ನಗಿಸುವ ನಾನು, ನನ್ನ ಕೈಯಾರೆ ಬರೆದ ನಾಲ್ಕಕ್ಷರದ ಚೀಟಿಯಲ್ಲಿದ್ದ ಶ್ಲೇಷೆಯನ್ನು ನೋಡಿರಲಿಲ್ಲ. ನೂರಹದಿನೆಂಟು ಜನರಿಗೆ ಅರ್ಥ ಆಗಿತ್ತು. ಯಾವ ಅರ್ಥ ಎಂದು ನಾನು ಕೇಳಿರಲಿಲ್ಲ.

ವಿಷಕ್ಕೆ ಎದುರು ಕೊಡುವ ಮದ್ದು ಶುರುವಾಯಿತು. ಬೇಗ ಕೊಟ್ಟಷ್ಟೂ ಕೆಲಸ ಮಾಡುವ ಮದ್ದು ಅದು. "ಎರಡು ದಿನ ಮೊದಲೇ ಬಂದಿದ್ರೆ..." ಎಂದು ಡಾಕ್ಟರಮ್ಮ ಶುರು ಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು, ಚೀಟಿ ಪಡೆದವರ ಹೆಸರು, ಫೋನು ಬರೆದಿಟ್ಟಿದ್ದ ಪುಸ್ತಕ ತೆರೆದೆ. ವಾರದ ಚೀಟಿ ಹೋದದ್ದು ಹದಿನಾಲ್ಕು ಜನರಿಗೆ. ಉಳಿದ ಹದಿಮೂರು ಜನರಿಗೂ ಫೋನು ಮಾಡಿದೆ. ಯಾವ ದನಿಯೂ ಇಲ್ಲದೆ, ನನ್ನ ದನಿಯಲ್ಲಿ. "ಮಾತ್ರೆ ಯಾವತ್ತು ಯಾವತ್ತು ನುಂಗಿದ್ರಿ, ಹೇಳಿ." ಹನ್ನೆರಡು ಜನ ಸರಿಯಾಗಿ ಹೇಳಿದರು. ಹದಿಮೂರನೆಯಾತ, ಒಬ್ಬ ಬಡಗಿ, "ಕ್ಯಾಲೆಂಡರ್ ನೋಡ್ಕೊಂಡೇ ನುಂಗ್ತಾ ಇದೀನಿ ಸಾರ್, ಇವತ್ತಿಗೆ ನಾಲ್ಕು" ಅಂದ. ಈಗಲೇ ನಿಲ್ಲಿಸಿ, ಈಗಲೇ ಹೊರಟು ಬನ್ನಿ ಎಂದೆ. ಬಂದ. ಉಳಿದ.

ಅಕ್ಕನಿಗೆ ದಿನದಿಂದ ದಿನಕ್ಕೆ ಜ್ವರ ಏರಿತು. ಒಂದು ಮಧ್ಯಾಹ್ನ ನನ್ನ ತೋಳು ಹಿಡಿದು ಕೇಳಿದಳು, "ಇವತ್ತು ಯಾವ ವಾರ?"

"ಗುರುವಾರ."

"ಹಾಗಾದ್ರೆ ಇವತ್ತಿಂದು?"

"ಇವತ್ತಿಲ್ಲ, ಅಕ್ಕ."

"ಆಯ್ತು" ಅಂದಳು. ಆ ಮಾತಿಗೆ ಎಷ್ಟು ಅರ್ಥ ಉಂಟೋ ಅಷ್ಟೂ ಶನಿವಾರದ ಹೊತ್ತಿಗೆ ನಿಜವಾದವು.

ಅಕ್ಕನ ತಿಥಿ ಮುಗಿದ ಮೇಲೆ ಭಾವ ಅಂಗಡಿಯ ಬಾಗಿಲು ಹಾಕಿ ಬರುವಾಗ ಅವಳ ಗುಂಡುಸೂಜಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ಹತ್ರಾನೇ ಇರಲಿ" ಅಂದರು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರಬಂಧದಲ್ಲಿ ನಲವತ್ತೊಂದರ ಮುಂದಿನ ಗುರುತನ್ನು ಹೊಡೆದುಹಾಕಿ, ಆದದ್ದನ್ನು ಆದಂತೆ ಬರೆದೆ. ಪ್ರಿನ್ಸಿಪಾಲರು ಓದಿ, "ಇದು ಅಚ್ಚಾದ್ರೆ ನಿಮಗೇ ಕಷ್ಟ ಕಣ್ರೀ" ಅಂದರು. ಅಚ್ಚಾಗಲಿ ಸಾರ್ ಎಂದೆ.

ಪರೀಕ್ಷೆ ಬಂತು. ರೋಗಿಯ ಕುರ್ಚಿಯಲ್ಲಿ ಕೂತೆ. ಹಿಂದಿನಿಂದ ಯಾರೋ, "ಸಾರ್, ಸೂಜಿ ಅಮ್ಮ, ಸೂಜಿ ಅಮ್ಮ!" ಎಂದು ಕೂಗಿದರು. ಅವರಿಗೆ ಅಕ್ಕನ ಸುದ್ದಿ ಗೊತ್ತಿರಲಿಲ್ಲ. ಬೆಂಕಿಕಡ್ಡಿ ತುಟಿಗಿಟ್ಟೆ, ದನಿ ಏಳಲಿಲ್ಲ. ಕಡ್ಡಿ ತೆಗೆದೆ. ತುಟಿಗೆ ತುಟಿ ತಾಗಿಸದೆ, ಹುಣ್ಣಾದವರಂತೆ ಬಾಯಿ ಬಿಟ್ಟೇ ಮಾತಾಡಿದೆ. ಆಗ ಬಂತು. ಯಾರೂ ನಗಲಿಲ್ಲ.

ಎದುರಿಗಿದ್ದ ಹುಡುಗಿ ಪೊಟ್ಟಣ ಹಿಡಿದು ಚೆನ್ನಾಗಿಯೇ ಹೇಳಿದಳು. "ಇದು ವಾರಕ್ಕೊಂದು, ಅಮ್ಮ. ಅರ್ಥ ಆಯ್ತಾ?"

"ಆಯ್ತು."

ಪೊಟ್ಟಣ ಅರ್ಧ ದಾರಿ ಬಂತು. ಅಲ್ಲಿಗೇ ನಿಂತಿತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. "ಅಮ್ಮ, ಯಾವ್ಯಾವ ದಿನ ತಗೋತೀರ? ನೀವೇ ಒಂದ್ಸಲ ಹೇಳಿ."

"ಸೋಹವಾರಕ್ಕೊಂದು" ಎಂದೆ. "ಹಂಗಳವಾರಕ್ಕೊಂದು. ಹುಧವಾರಕ್ಕೊಂದು."

ಹುಡುಗಿ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. "ಕೊಡಲ್ಲ" ಅಂದಳು. "ಇದನ್ನ ನಿಮಗೆ ನಾನು ಹೀಗೆ ಕೊಡಲ್ಲ, ಅಮ್ಮ. ಇನ್ನೊಂದ್ಸಲ ಹೇಳ್ತೀನಿ, ಕೂತ್ಕೊಳ್ಳಿ."

ನಾನು ಅವಳ ಅಂಕಪಟ್ಟಿ ಹುಡುಕಿದೆ. ಮುಂದೆಯೇ ಇತ್ತು, ಕಾಣಿಸುತ್ತಿರಲಿಲ್ಲ.