ಕಲ್ಲಿನಿಂದ ತೆಗೆಯಬೇಕಾದ ಪದ

ಗೋರಿಕಲ್ಲಿಗೆ ಅಕ್ಷರ ಕೊರೆಯುವುದು ನನ್ನ ಕಸುಬು. ಮೊದಲು ಸೀಮೆಸುಣ್ಣದಲ್ಲಿ ಬರೆದು ಪಾದ್ರಿ ಅಯ್ಯನವರಿಗೆ ತೋರಿಸಬೇಕು, ಅವರು ಹೂಂ ಅಂದ ಮೇಲೆಯೇ ಉಳಿ ಹಿಡಿಯಬೇಕು. ನಮ್ಮ ಕ್ರೈಸ್ತ ಸಭೆಯ ನಿಯಮ ಅದು. ತಮ್ಮನ ಕಲ್ಲಿಗೆ ಮಾತ್ರ ನಾನು ಕೇಳಲಿಲ್ಲ. ‘ಕರ್ತನಲ್ಲಿ ನಿದ್ರಿಸುತ್ತಿದ್ದಾನೆ’ ಎಂದು ನೇರವಾಗಿ ಕೊರೆದುಬಿಟ್ಟೆ. ಎಲ್ಲರಿಗೂ ಕೊರೆಯುವ ಮಾತೇ ತಾನೆ, ಕೇಳುವುದೇನು?

ಅಯ್ಯನವರು ನನ್ನ ಕೆಲಸದ ಶೆಡ್ಡಿಗೆ ಬಂದರು. ಕನ್ನಡಕ ಏರಿಸಿ ಓದಿ, ಮೊದಲ ಪದದ ಮೇಲೆ ಬೆರಳಿಟ್ಟರು.

“ಇದೊಂದು ತೆಗೆದುಬಿಡಮ್ಮ. ಬರೀ ‘ನಿದ್ರಿಸುತ್ತಿದ್ದಾನೆ’ ಅಂತಿರ್ಲಿ.”

ತಮಾಷೆ ಅಂದುಕೊಂಡೆ. “ನಿದ್ದೆ ನಿಮ್ಮ ಭಾನುವಾರದ ಪ್ರಸಂಗದಲ್ಲೂ ಮಾಡ್ತಿದ್ದ ಬಿಡಿ. ಅದಕ್ಕೆ ಕಲ್ಲು ಯಾಕೆ?”

ಅವರು ನಗಲಿಲ್ಲ. “ಎಂಟು ವರ್ಷ ಸಭೆ ಕಡೆ ತಲೆ ಹಾಕ್ಲಿಲ್ಲ ಅವನು. ದೇವರೇ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ.”

“ಪಾಪದಿಂದ ಒಮ್ಮೆ ಸಿಕ್ಕಿದ ರಕ್ಷಣೆ ಕಳೆದುಹೋಗಲ್ಲ ಅಂದೋರು ನೀವೇ. ನಮ್ಮಿಬ್ಬರಿಗೂ ಒಂದೇ ದಿನ ದೀಕ್ಷಾಸ್ನಾನ ಕೊಟ್ಟೋರೂ ನೀವೇ.”

“ಈಗಲೂ ಅದನ್ನೇ ಹೇಳ್ತೀನಿ. ಅವನೇನೂ ಕಳ್ಕೊಂಡಿಲ್ಲಮ್ಮ. ಅವನಿಗೆ ಅದು ಸಿಕ್ಕೇ ಇರ್ಲಿಲ್ಲ.”

ತಮ್ಮ ಆಸ್ಪತ್ರೆ ಸೇರಿದಾಗ ನಾನು ಓಡಿದ್ದು ಇವರ ಬಳಿಗೇ. ‘ಅವನು ಕೈ ಬಿಟ್ಟರೂ ಕರ್ತನು ಬಿಡಲ್ಲ, ಧೈರ್ಯವಾಗಿರು’ ಎಂದಿದ್ದರು. ನಂಬಿದೆ. ಸಾಯುವವನನ್ನು ಪ್ರಾರ್ಥನೆ ಮಾಡು ಎಂದು ಪೀಡಿಸಲಿಲ್ಲ, ಕೊನೆಯ ವಾರವಿಡೀ ಚಿಕ್ಕಂದಿನ ಮಂಗಾಟಗಳನ್ನು ಹೇಳಿ ನಗಿಸಿದೆ. ಅಕ್ಕ ಹೋಗುವುದು ಬೇರೆ ಸಭೆಗೆ, ರಕ್ಷಣೆ ಕಳೆದುಹೋಗುತ್ತದೆ ಎನ್ನುವವರ ಸಭೆಗೆ. ‘ಕೊನೇವರೆಗೂ ನಂಬಿಕೆಯಲ್ಲಿ ನಿಂತೋರಿಗಷ್ಟೇ ರಕ್ಷಣೆ ಕಣೇ, ಒಂದ್ಸಲ ಅವನ ಹತ್ರ ಮಾತಾಡ್ತೀನಿ’ ಎಂದು ಅವಳು ಬಂದರೆ, ವಾರ್ಡಿನ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದ್ದೆ.

“ಹಾಗಾದ್ರೆ ನನಗೆ ಸಿಕ್ಕಿದೆ ಅಂತ ಹೇಗೆ ಗೊತ್ತಾಗೋದು?” ಎಂದು ಕೇಳಿದೆ.

“ಕೊನೇವರೆಗೂ ನಿಂತ್ರೆ ಗೊತ್ತಾಗುತ್ತೆ.”

ಅಕ್ಕನ ಮಾತೇ! ಇದೇ ಮಾತಿಗೆ ನಾನು ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದು. ಸಿಟ್ಟು ಬಂತು. ಇವರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

“ಆ ಪದ ನಾನು ತೆಗೆಯಲ್ಲ. ಬೇಕಾದ್ರೆ ನೀವೇ ಉಜ್ಜಿ,” ಎಂದೆ. “ಅವನು ಉಸಿರಾಡ್ತಿದ್ದಾಗಲೇ ಇದನ್ನ ಹೇಳ್ಬಾರದಿತ್ತಾ, ಅಯ್ಯನವರೇ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಆಗ ನೀನು ತುಂಬ ಅಳ್ತಿದ್ದೆ ಕಣಮ್ಮ,” ಎಂದರು.