ಬಡಿಗೇರರಿಗೆ ಭೂಮಿ ತಿರುಗಿದ್ದು ಕಂಡ ದಿನ

ನಾನು ಗಾಜಿನ ಎಳೆ. ಕೂದಲಿನಷ್ಟು ಸಣ್ಣ, ಐದು ಕಿಲೋಮೀಟರ್ ಉದ್ದ. ಗಾಜಿನ ಕೋಲೊಂದನ್ನು ಬೆಂಕಿಯಲ್ಲಿ ಮೆತ್ತಗಾಗಿಸಿ ಎಳೆದಾಗ ಹುಟ್ಟಿದೆ. ಜನರ ಫೋನಿನ ಮಾತು ಹೊರಬೇಕಿದ್ದ ನಾನು, ಉಳಿದ ಸುರುಳಿಯಾಗಿ ಗೋದಾಮಿನಲ್ಲಿ ಬಿದ್ದಿದ್ದೆ. ಧಾರವಾಡದ ಕಾಲೇಜೊಂದರ ಭೌತಶಾಸ್ತ್ರದ ಅಧ್ಯಾಪಕಿ ಗಿರಿಜಾ ಹೊಸಳ್ಳಿ ನನ್ನನ್ನು ಕೇಳಿ ತಂದರು.

ಅಲ್ಲಿಯ ಪ್ರಯೋಗಾಲಯದ ಮರಗೆಲಸವೆಲ್ಲ ವೀರಭದ್ರಪ್ಪ ಬಡಿಗೇರರದು. ಅವರ ನಿವೃತ್ತಿಗೆ ನಾಲ್ಕೇ ದಿನ ಉಳಿದಿತ್ತು.

"ಭೂಮಿ ತಿರಗತೈತಿ ಅಂತ ಮೂವತ್ತ ವರ್ಷ ಇಲ್ಲೇ ನಿಂತ ಪಾಠ ಕೇಳೇನ್ರಿ ಮೇಡಮ್ಮಾರ. ಕಣ್ಣಾರೆ ಕಂಡಿಲ್ಲ," ಅಂದರು.

"ನೋಡೇ ಹೋಗ್ರಿ," ಎಂದು ಗಿರಿಜಾ ಮಾತು ಕೊಟ್ಟುಬಿಟ್ಟರು.

ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಬಯಲೊಂದರಲ್ಲಿ ಎರಡು ಕಿಲೋಮೀಟರ್ ಸುತ್ತಳತೆಗೆ ಕೊಳವೆ ಹಾಸಿ, ಗಾಳಿ ತೆಗೆದು, ಬೆಳಕನ್ನು ಎರಡೂ ದಿಕ್ಕಿಗೆ ಓಡಿಸಿದ್ದರಂತೆ. ಭೂಮಿ ತಿರುಗುವ ಕಡೆಗೇ ಓಡಿದ ಬೆಳಕು, ಹೊರಟ ಜಾಗ ಅಷ್ಟರಲ್ಲಿ ಮುಂದೆ ಸರಿದಿರುವುದರಿಂದ, ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಎರಡೂ ಕೂಡಿದಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಆ ಬಯಲಿನ ಕೆಲಸವನ್ನು ಸುರುಳಿ ಸುತ್ತಿಕೊಂಡ ನಾನು ಮೇಜಿನ ಮೇಲೆ ಮಾಡಬೇಕಿತ್ತು.

ಪುಸ್ತಕದಲ್ಲಿದ್ದಂತೆ ನನ್ನನ್ನು ಮಲಗಿಸಿ, ನನ್ನೊಳಗೆ ಎರಡೂ ದಿಕ್ಕಿಗೆ ಬೆಳಕು ಬಿಟ್ಟು ಮೂರು ದಿನ ಯತ್ನಿಸಿದರೂ ಆಗಲಿಲ್ಲ. ಗಾಳಿ, ಬಿಸಿ ತಾಗದಿರಲೆಂದು ಫ್ಯಾನ್ ನಿಲ್ಲಿಸಿದರು, ನನಗೆ ಕಂಬಳಿ ಹೊದಿಸಿದರು. ಆ ವ್ಯತ್ಯಾಸವನ್ನು ತೋರಿಸಬೇಕಿದ್ದ ಪರದೆಯ ಮೇಲಿನ ಗೆರೆ ಸುಮ್ಮನೆ ನಡುಗುತ್ತಿತ್ತು. ಗಿರಿಜಾ ಸಪ್ಪೆ ಮುಖ ಮಾಡಿ ಕೂತರು. ಮೇಜು ಒರೆಸಲೆಂದು ಬಡಿಗೇರರು ನನ್ನನ್ನೆತ್ತಿ ಉತ್ತರದ ಗೋಡೆಗೆ ಒರಗಿಸಿ ನಿಲ್ಲಿಸಿದರು. ನಡುಕ ನಿಂತ ಮೇಲೆ ನೋಡಿದರೆ, ಗೆರೆ ಮೇಲೇರಿ ಕೂತಿತ್ತು.

ಗಿರಿಜಾ ಹಣೆ ಚಚ್ಚಿಕೊಂಡು ನಕ್ಕರು. ಪುಸ್ತಕ ಬರೆದವರು ಧ್ರುವಕ್ಕೆ ಹತ್ತಿರದ ನಾಡಿನವರು, ಅಲ್ಲಿ ಸುರುಳಿ ಮಲಗಿದ್ದರೆ ನಡೆಯುತ್ತದೆ. ಭೂಮಧ್ಯರೇಖೆಗೆ ಹತ್ತಿರದ ಧಾರವಾಡದಲ್ಲಿ ಭೂಮಿಯ ಅಕ್ಷ ಉತ್ತರಕ್ಕೆ ಮಲಗಿದಂತಿರುತ್ತದೆ, ಸುರುಳಿ ಅದಕ್ಕೆ ಮುಖ ಮಾಡಿ ಎದ್ದು ನಿಲ್ಲಬೇಕು.

ಬಡಿಗೇರರು ಅಂದೇ ತೇಗದ ಹಲಗೆ ಕೊಯ್ದು ತಿರುಗುವ ಪೀಠ ಮಾಡಿದರು. ಮರುದಿನ, ಬೀಳ್ಕೊಡುಗೆಯ ಹಾರ ಕೊರಳಲ್ಲಿದ್ದಂತೆಯೇ ಬಂದು ನನ್ನನ್ನು ಉತ್ತರಕ್ಕೆ ತಿರುಗಿಸಿದರು: ಗೆರೆ ಮೇಲೆ. ದಕ್ಷಿಣಕ್ಕೆ: ಕೆಳಗೆ. ಹತ್ತು ಸಲ ಮಾಡಿದರೂ ಹಾಗೇ. ಆಮೇಲೆ ಅವರು ಎರಡೂ ಅಂಗೈಯನ್ನು ನೆಲಕ್ಕೆ ಊರಿ ಸ್ವಲ್ಪ ಹೊತ್ತು ಕೂತರು.

ಈಗ ನನ್ನ ಒಂದು ತುದಿ ಮುರಿದಿದೆ. ನಮ್ಮ ನಾಲ್ಕು ದಿನದ ಕೆಲಸವನ್ನು ನಿಮಿಷದಲ್ಲಿ ಮಾಡುವ ಯಂತ್ರ ಬಂದಿದೆ. ನಾನು ಗಾಜಿನ ಕಪಾಟಿನಲ್ಲಿ ಆರಾಮಾಗಿದ್ದೇನೆ. ಹೋದ ವಾರ ಬಡಿಗೇರರು ಹೆಂಡತಿ ನೀಲವ್ವನನ್ನು ಕರೆತಂದು ನನ್ನನ್ನು ತೋರಿಸಿದರು, ಕತೆಯನ್ನೂ ಹೇಳಿದರು.

ನೀಲವ್ವ ಕೇಳಿದರು, "ಅಷ್ಟ ಜೋರ ತಿರಗತೈತಿ ಅಂದ್ರ, ನಮಗ ಯಾಕ ತಿಳಿಯೂದಿಲ್ಲ?"

"ಎಲ್ಲಾರೂ ಕೂಡೇ ತಿರಗತೇವಲ್ಲ, ಅದಕ್ಕ," ಅಂದರು ಬಡಿಗೇರರು.